ನಗುವ ಮಗು, ಅಳುವ ಮಗು: ಕಂಚಿನ ಜೋಡಿ ಶಿಲ್ಪಗಳ ಆಯ್ಕೆ ಮತ್ತು ಆರೈಕೆ

ನಗುವ ಮತ್ತು ಅಳುವ ಮಕ್ಕಳ ಕಂಚಿನ ಜೋಡಿಯನ್ನು ಕೊಳ್ಳುವಾಗ ಮೊದಲು ಹುಬ್ಬುಗಳನ್ನು ಪರೀಕ್ಷಿಸಬೇಕು. ಜೋರಾಗಿ ನಕ್ಕರೂ ಬಿಕ್ಕಿ ಅತ್ತರೂ ಮಗುವಿನ ಬಾಯಿ ತೆರೆದಿರುತ್ತದೆ, ಕಣ್ಣು ಕಿರಿದಾಗುತ್ತದೆ, ಕೆನ್ನೆ ಮೇಲೇರುತ್ತದೆ. ಆದರೆ ಅಳುವಾಗ ಹುಬ್ಬುಗಳು ಒಂದಕ್ಕೊಂದು ಹತ್ತಿರ ಸರಿದು ನಡುವೆ ಗಂಟು ಮೂಡುತ್ತದೆ, ನಗುವಾಗ ಹಣೆ ಸಡಿಲವಾಗಿರುತ್ತದೆ. ಶಿಲ್ಪದ ಬಾಯಿಯನ್ನು ಅಂಗೈಯಿಂದ ಮರೆಮಾಡಿ ನೋಡಿ. ಆಗಲೂ ಯಾವುದು ನಗು, ಯಾವುದು ಅಳು ಎಂದು ತಿಳಿಯುವಂತಿದ್ದರೆ ಶಿಲ್ಪಿ ಮಗುವಿನ ಮುಖವನ್ನು ನಿಜವಾಗಿ ಗಮನಿಸಿದ್ದಾನೆ ಎನ್ನಬಹುದು. ತುಟಿಯ ಗೆರೆಯನ್ನಷ್ಟೇ ಮೇಲೆ ಕೆಳಗೆ ತಿರುಗಿಸಿದ ಜೋಡಿ ಎಷ್ಟೇ ನಯವಾಗಿದ್ದರೂ ಬಹುಕಾಲ ಮನಸ್ಸನ್ನು ಹಿಡಿದಿಡುವುದಿಲ್ಲ.

ಲೋಹವನ್ನು ಪರೀಕ್ಷಿಸಲು ಶಿಲ್ಪವನ್ನು ಮಗುಚಿ ತಳವನ್ನು ನೋಡಬೇಕು. ಕಂಚು ಮುಖ್ಯವಾಗಿ ತಾಮ್ರ ಮತ್ತು ತವರಗಳ ಮಿಶ್ರಲೋಹವಾದ್ದರಿಂದ, ತಳದ ಮರೆಯ ಜಾಗವೊಂದರಲ್ಲಿ ಮಾರುವವರ ಒಪ್ಪಿಗೆ ಪಡೆದು ಸಣ್ಣದಾಗಿ ಗೀರಿದರೆ ಒಳಗೆ ಹೊಂಬಣ್ಣ ಕಾಣುತ್ತದೆ. ಬೂದು ಬೆಳ್ಳಿಯ ಬಣ್ಣ ಕಂಡರೆ ಅದು ಬಣ್ಣ ಬಳಿದ ಸತುವಿನ ಎರಕವಾಗಿರುವ ಸಾಧ್ಯತೆಯೇ ಹೆಚ್ಚು. ಅಯಸ್ಕಾಂತ ಅಂಟದಿದ್ದ ಮಾತ್ರಕ್ಕೆ ಕಂಚೆಂದು ನಂಬಬಾರದು, ಏಕೆಂದರೆ ಸತುವಿಗೂ ಅದು ಅಂಟುವುದಿಲ್ಲ.

ಎರಡೂ ಶಿಲ್ಪಗಳನ್ನು ಒಂದೇ ಎತ್ತರದಲ್ಲಿ, ಒಂದೇ ನೋಟಕ್ಕೆ ಸಿಗುವಷ್ಟು ಹತ್ತಿರ, ತುಸು ಪರಸ್ಪರ ತಿರುಗಿಸಿ ಇಡಿ. ಬೆಳಕು ಮೇಲಿನಿಂದ ಓರೆಯಾಗಿ ಒಂದು ಬದಿಗೆ ಬಿದ್ದಾಗ ಹುಬ್ಬಿನ ನೆರಿಗೆ, ಕೆನ್ನೆಯ ಗುಳಿಗಳಲ್ಲಿ ನೆರಳು ಕೂತು ಭಾವ ಸ್ಪಷ್ಟವಾಗುತ್ತದೆ. ನೇರವಾಗಿ ಎದುರಿನಿಂದ ಬಿದ್ದ ಬೆಳಕು ಈ ಏರಿಳಿತಗಳನ್ನು ಅಳಿಸಿಹಾಕುತ್ತದೆ. ಕೆಳಗಿನಿಂದ ಬಂದದ್ದು ನಗುವ ಮುಖವನ್ನೂ ವಿಕಾರವಾಗಿಸುತ್ತದೆ.

ಆರೈಕೆಗೆ ಮೃದುವಾದ ಒಣಬಟ್ಟೆ ಅಥವಾ ಕುಂಚ ಸಾಕು. ಹುಳಿ ಪದಾರ್ಥಗಳನ್ನಾಗಲಿ ಲೋಹದ ಪಾಲಿಶನ್ನಾಗಲಿ ಬಳಸಲೇಬೇಡಿ. ಎರಕದ ನಂತರ ಶಾಖ ಮತ್ತು ರಾಸಾಯನಿಕಗಳಿಂದ ಮೂಡಿಸಿದ ಕಂದು ಅಥವಾ ಹಸಿರು ಮೇಲ್ಪದರವೂ ಕಲಾಕೃತಿಯ ಭಾಗವೇ ಆಗಿದ್ದು, ಉಜ್ಜಿದರೆ ಅದು ಹೋಗಿಬಿಡುತ್ತದೆ. ಪದೇ ಪದೇ ಮುಟ್ಟಿದರೂ ಸವೆಯುತ್ತದೆ: ಓಸ್ಲೋ ನಗರದಲ್ಲಿ ಗುಸ್ತಾವ್ ವಿಗೆಲಾಂಡ್ (1869–1943) ರೂಪಿಸಿದ, ಸಿಟ್ಟಿನಿಂದ ಕಾಲು ಅಪ್ಪಳಿಸುವ ಪುಟ್ಟ ಹುಡುಗನ ಕಂಚಿನ ಪ್ರತಿಮೆಯಲ್ಲಿ, ಸಂದರ್ಶಕರು ಹಿಡಿದು ಹಿಡಿದು ಕೈಯೊಂದು ಹೊಳಪೇರಿದೆ. ವರ್ಷಕ್ಕೊಮ್ಮೆ ತೆಳುವಾಗಿ ಮೇಣ ಸವರಿ, ಒಣಗಿದ ಮೇಲೆ ಬಟ್ಟೆಯಿಂದ ಒರೆಸಿದರೆ ತೇವದಿಂದ ರಕ್ಷಣೆ ದೊರೆಯುತ್ತದೆ. ತಿಳಿಹಸಿರು ಪುಡಿಯಂತಹ ಕಿಲುಬು ಅಲ್ಲಲ್ಲಿ ಉದುರತೊಡಗಿದರೆ ಮಾತ್ರ ಮೇಣ ಹಚ್ಚದೆ, ಶಿಲ್ಪವನ್ನು ಒಣ ಜಾಗಕ್ಕೆ ಸರಿಸಿ ಲೋಹಶಿಲ್ಪಗಳ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಅದು ಲವಣಾಂಶದಿಂದ ಲೋಹವನ್ನೇ ತಿನ್ನುತ್ತಿರುವ ಸವೆತದ ಗುರುತಾಗಿರಬಹುದು.