ಗಣಿಸೀಮೆಯ ನಕ್ಷೆಗೆ ನೀರೇ ಮೊದಲ ಗೆರೆ

ಕೆಜಿಎಫ್‌ನ ಹಳೆಯ ಚಿನ್ನದ ಗಣಿಗಳ ನಕ್ಷೆ ಮಾಡಲು ಹೊರಟವರು ಮೊದಲು ಗಣಿಗೆ ಇಳಿಯುವ ಬಾವಿಗಳಾದ ಶಾಫ್ಟ್‌ಗಳನ್ನು ಹುಡುಕುತ್ತಾರೆ. ನಾನು ಬೇತಮಂಗಲದ ಕೆರೆಯಿಂದ ಶುರು ಮಾಡಿದೆ. ಬಂಗಾರಪೇಟೆಯಲ್ಲಿ ಭೂಗೋಳ ಪಾಠ ಮಾಡುತ್ತಾ ಬಿಡುವಿನಲ್ಲಿ ಈ ಕೆಲಸಕ್ಕೆ ಕೈಹಾಕಿದವನು ನಾನು. ಈ ದಾರಿ ತೋರಿಸಿದ್ದು ಮಾತ್ರ ಅಮೆರಿಕದ ನೆವಾಡಾ ಮರುಭೂಮಿಯ ನಕ್ಷೆಗಳು.

ಅಲ್ಲಿನ ಸರ್ಕಾರಿ ಸರ್ವೆಯ ಹಳೆಯ ಹಾಳೆಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅರ್ಧ ಕಪ್ಪು ತುಂಬಿದ ಪುಟ್ಟ ಚೌಕ ಇದ್ದರೆ ಶಾಫ್ಟ್, ಗುಣಾಕಾರದ ಗುರುತು ಇದ್ದರೆ ಯಾರೋ ಅಗೆದು ನೋಡಿದ ಗುಂಡಿ. ರಯೋಲೈಟ್ ಎಂಬ ಊರಿನ ಸುತ್ತ ಇಂಥ ಗುರುತುಗಳು ಒತ್ತೊತ್ತಾಗಿವೆ. 1904ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ನಾಲ್ಕೈದು ವರ್ಷದಲ್ಲಿ ಸಾವಿರಾರು ಜನ ಸೇರಿದರು, 1916ರ ಹೊತ್ತಿಗೆ ಕರೆಂಟೂ ಹೋಗಿ ಊರು ಬರಿದಾಯಿತು. ಬೆಟ್ಟದ ಹೆಸರಿಗಿಂತ ಬುಗ್ಗೆ, ಬಾವಿಗಳ ಹೆಸರು ಹಿಡಿದು ಹೋದರೆ ಅಲ್ಲಿನ ದಾರಿಗಳು ಬೇಗ ಅರ್ಥವಾಗುತ್ತವೆ. ಆಸ್ಟ್ರೇಲಿಯಾದ ಕಾಲ್ಗೂರ್ಲಿಯ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ: ಚಿನ್ನ ಕಂಡಿದ್ದು 1893ರಲ್ಲಿ, ಐನೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ನೀರು ಬಂದಿದ್ದು 1903ರಲ್ಲಿ.

ನಮ್ಮದು ಮರುಭೂಮಿ ಅಲ್ಲ, ಆದರೆ ವರ್ಷವಿಡೀ ಹರಿಯುವ ನದಿ ಇಲ್ಲದ ಬಯಲುಸೀಮೆ. ಗಣಿಗಳಿಗೂ ಕಾರ್ಮಿಕರ ಲೈನುಗಳೆಂಬ ಸಾಲುಮನೆಗಳಿಗೂ ನೀರು ಬಂದಿದ್ದು ಪಾಲಾರ್ ತುಂಬಿಸುವ ಬೇತಮಂಗಲದ ಕೆರೆಯಿಂದ. ಅದಕ್ಕೇ ನನ್ನ ನಕ್ಷೆಯ ಮೊದಲ ಗೆರೆ ಆ ಪೈಪ್‌ಲೈನು. ಎರಡನೆಯದು 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹಾಕಿದ ರೈಲು ಹಳಿ. ಮೂರನೆಯದು 1902ರಲ್ಲಿ ಶಿವನಸಮುದ್ರದಿಂದ ಬಂದ ಕರೆಂಟಿನ ತಂತಿ. ಈ ಮೂರು ಕೂಡುವ ಕಡೆ ಕಣ್ಣಿಟ್ಟರೆ ದೊಡ್ಡ ಗಣಿಗಳು ತಾವಾಗಿಯೇ ಕಾಣಿಸುತ್ತವೆ.

ಒಂದು ಇಂಚಿಗೆ ಒಂದು ಮೈಲಿ ಲೆಕ್ಕದ ಹಳೆಯ ಸರ್ವೆ ಹಾಳೆಯನ್ನು ಸ್ಕ್ಯಾನ್ ಮಾಡಿ, ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಇಲ್ಲಿ ಜಾಗ ಕದಲದ ಗುರುತುಗಳು ಬೇಕು. ಕೆರೆ ಏರಿಯ ಎರಡು ತುದಿ, ಕಲ್ಲಿನ ಕೋಡಿ, ಉರಿಗಾಂ ಮತ್ತು ಚಾಂಪಿಯನ್ ಸ್ಟೇಷನ್ನು, ಹಳೆಯ ಚರ್ಚು, ಇವು ಒಳ್ಳೆಯವು. ಸಯನೈಡ್ ದಿಬ್ಬದ ಅಂಚನ್ನು ಯಾವತ್ತೂ ನಂಬಬೇಡಿ. ಚಿನ್ನ ತೆಗೆದ ಮೇಲೆ ಉಳಿದ ನುಣುಪು ಪುಡಿಯ ರಾಶಿ ಅದು. ಒಂದು ಜೋರು ಮಳೆಗೆ ಕೊರಕಲು ಬಿದ್ದು ಬುಡ ಹರಡಿಕೊಳ್ಳುತ್ತದೆ, ಗಾಳಿ ಬಂದರೆ ಪುಡಿ ಬೀದಿಗೆ ಹಾರುತ್ತದೆ. ಹಳೆಯ ಹಾಳೆಯ ಅಂಚಿಗೂ ಈಗಿನ ಅಂಚಿಗೂ ನಡುವೆ ಉಳಿಯುವ ಪಟ್ಟಿಯನ್ನು ನಾನು ಬೇರೆ ಬಣ್ಣದಲ್ಲಿ ತುಂಬುತ್ತೇನೆ. ಅಲ್ಲಿ ಇವತ್ತು ಮನೆಗಳಿವೆ, ಮಕ್ಕಳು ಆಡುತ್ತಾರೆ. ನನ್ನ ಕಣ್ಣಿಗೆ ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಬಣ್ಣ ಅದೇ.

ಶಾಫ್ಟ್‌ಗಳ ವಿಷಯಕ್ಕೆ ಬಂದರೆ, ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಉತ್ತರ ದಕ್ಷಿಣವಾಗಿ ಹಾಯ್ದು ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ. ಪದರ ನೆಲಕ್ಕೆ ಮೂತಿ ಚಾಚಿದ ಸಾಲಿನಲ್ಲೇ ಹಿಂದಿನವರ ಗುಂಡಿಗಳು. ಮೈಸೂರಿನ ಪೂರ್ವ ಗಡಿ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ನೋಡಿದ್ದು ಇಂಥ ಕೆಲಸವನ್ನೇ. ನೆಟ್ಟಗೆ ಆಳಕ್ಕಿಳಿದ ದೊಡ್ಡ ಶಾಫ್ಟ್‌ಗಳು ಆ ಸಾಲಿನಿಂದ ಪಶ್ಚಿಮಕ್ಕೆ ಸರಿದಿವೆ. ಕೊನೆಗೆ ಕೆಲಸ ಮೂರು ಕಿಲೋಮೀಟರಿಗೂ ಕೆಳಗೆ ಮುಟ್ಟಿತು. ಹಾಗಾಗಿ ಮೇಲಿನಿಂದ ನೋಡಿದ ಒಂದೇ ನಕ್ಷೆ ಸಾಲದು. ನೆಲವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ಇನ್ನೊಂದು ಚಿತ್ರವನ್ನೂ ಜೊತೆಗಿಡಬೇಕು.

ಪೈಪ್‌ಲೈನಿನ ಜಾಡು ಹಿಡಿದು ನಡೆಯುವಾಗ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಜೊತೆಗೆ ಬಂದರು. ಹಾಳೆಯಲ್ಲಿ ಗೆರೆ ನೇರವಾಗಿತ್ತು. ಅವರು ಒಂದು ಹುಣಸೆಮರದ ಹತ್ತಿರ ನಿಂತು, "ಮೇಷ್ಟ್ರೇ, ಇಲ್ಲಿ ತಿರುಗ್ತದೆ ನೋಡಿ" ಅಂತ ಕೋಲಿನಿಂದ ಮಣ್ಣು ಕೆದಕಿದರು. ತುಕ್ಕು ಹಿಡಿದ ಕೊಳವೆಯ ಬೆನ್ನು, ಜೋಡಣೆಯ ದಪ್ಪ ಬಳೆ ಕಂಡವು. "ಈ ವಾಲ್ವ್ ಬಿಟ್ಟರೇನೇ ನಮ್ಮ ಲೈನಿಗೆ ನೀರು. ಹೆಂಗಸರು ಬೆಳಗಿನ ಜಾವಾನೇ ಬಿಂದಿಗೆ ಇಟ್ಟಿರೋರು." "ಎಷ್ಟು ಲೈನಿಗೆ ತಾತ?" ಅಂದೆ. ಬೆರಳು ಮಡಚುತ್ತಾ ಒಂದೊಂದೇ ಹೆಸರು ಹೇಳಿದರು. ಅವುಗಳಲ್ಲಿ ಹೆಚ್ಚಿನವು ಯಾವ ಹಾಳೆಯಲ್ಲೂ ಇರಲಿಲ್ಲ. ಅಲ್ಲೇ ನಿಂತು ಫೋನಿನ ಜಿಪಿಎಸ್‌ನಲ್ಲಿ ತಿರುವನ್ನು ಗುರುತಿಸಿ, ಹೆಸರುಗಳನ್ನು ಅವರು ಹೇಳಿದ ಹಾಗೇ ಬರೆದುಕೊಂಡೆ.

ನೆವಾಡಾದ ಗಣಿಗಾರರು ತಾವೇ ಸಭೆ ಸೇರಿ ಸೀಮೆ ಗುರುತಿಸಿಕೊಂಡವರು, ಯಾರ ಪಾಲು ಯಾವುದು ಎಂದು ದಫ್ತರ ಇಟ್ಟವರು. ಇಲ್ಲಿ ನೆಲ ಸರ್ಕಾರ ಕೊಟ್ಟ ಗುತ್ತಿಗೆಯದು. ಕೆಲಸಗಾರ ಎಲ್ಲಿ ಇದ್ದ ಎಂಬುದು ಆ ಗುತ್ತಿಗೆ ನಕ್ಷೆಗೆ ಬೇಕಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಹೇಳುವವರು ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲಿ ಗಣಿಯಲ್ಲಿ ದುಡಿದ ಹಿರಿಯರಿದ್ದರೆ ಶಾಫ್ಟಿನ ಆಳ ಕೇಳುವ ಮೊದಲು ನೀರು ಎಲ್ಲಿಂದ ಹಿಡಿಯುತ್ತಿದ್ದಿರಿ ಎಂದು ಕೇಳಿ, ಉತ್ತರವನ್ನು ಹಾಳೆಯ ಮೇಲೆ ಚುಕ್ಕಿ ಇಟ್ಟು ಬರೆದುಕೊಳ್ಳಿ. ಬೇಲಿ ಇಲ್ಲದ ಗುಂಡಿಗಳ ಹತ್ತಿರ ಮಾತ್ರ ಹೋಗಬೇಡಿ, ಅವನ್ನು ಉಪಗ್ರಹ ಚಿತ್ರದಲ್ಲೇ ಗುರುತಿಸಿದರೆ ಸಾಕು.