ಮದ್ದು ಆಮೇಲೆ, ಮೊದಲು ಪುಡಿ ನೋಡಿ

ನಮ್ಮ ಶಿರಸಿ ಮನೆಯ ಅಟ್ಟದಿಂದ ಪುಡಿ ಉದುರತೊಡಗಿದಾಗ ಮದ್ದು ಹೊಡೆಯುವವರನ್ನು ಕರೆಸಿದ್ದೆ. ಅವರು ತಲೆಯೆತ್ತಿ ನೋಡಲೂ ಇಲ್ಲ. ಗೋಡೆಯ ಬುಡಕ್ಕೆ ನೆಲ ಕೊರೆದು ಒರಲೆ (ಗೆದ್ದಲು) ಮದ್ದು ತುಂಬಿ, ಹಣ ಎಣಿಸಿಕೊಂಡು ಹೋದರು. ಮರುವಾರ ಅದೇ ಜಾಗದಲ್ಲಿ ಅಷ್ಟೇ ಪುಡಿ. ಮಾಡಿನ ಪಕಾಸಿನ ಮರದಲ್ಲಿದ್ದದ್ದು ಕುಟ್ಟೆ, ಅಂದರೆ ಮರ ಕೊರೆಯುವ ಸಣ್ಣ ದುಂಬಿ; ನೆಲಕ್ಕೆ ಸುರಿದದ್ದು ಅದಕ್ಕೆ ಮುಟ್ಟುವುದಾದರೂ ಹೇಗೆ?

ಟಾರ್ಚು, ಭೂತಗನ್ನಡಿ, ಕಪ್ಪು ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ.

ಮೊದಲನೆಯದಾಗಿ, ಗುಡಿಸಬೇಡಿ. ಎಲ್ಲರೂ ಎಡವುವುದು ಇಲ್ಲೇ. ಹುಳ ಕಣ್ಣಿಗೆ ಬೀಳುವುದು ಅಪರೂಪ, ಅದು ಉದುರಿಸಿದ್ದೇ ಗುರುತು. ಚಿಟಿಕೆ ಪುಡಿಯನ್ನು ಕಪ್ಪು ಕಾಗದದ ಮೇಲೆ ಬೆರಳಲ್ಲಿ ತಿಕ್ಕಿ. ಮುಖದ ಪೌಡರಿನಷ್ಟು ನುಣ್ಣಗಿದ್ದರೆ ಕುಟ್ಟೆ. ಮರದಲ್ಲಿ 1-2 ಮಿಲಿಮೀಟರಿನ ದುಂಡು ತೂತುಗಳೂ ಸಿಗುತ್ತವೆ, ಹೆಚ್ಚಾಗಿ ಚೇಗಿನ (ಮರದ ಗಟ್ಟಿ ತಿರುಳಿನ) ಸುತ್ತಲ ಬಿಳಿ ಭಾಗದಲ್ಲಿ. ಗಸಗಸೆಯಂತೆ ಕಾಳುಕಾಳಾಗಿ ಸಿಕ್ಕಿ, ಭೂತಗನ್ನಡಿಯಲ್ಲಿ ಪ್ರತಿ ಕಾಳಿಗೂ ಆರು ಮುಖ ಕಂಡರೆ ಒಣಮರದ ಒರಲೆ. ಇದು ಮಣ್ಣಿನ ಹಂಗಿಲ್ಲದೆ ಮರದೊಳಗೇ ಸಂಸಾರ ಹೂಡುತ್ತದೆ. ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ದಾರಿ ಹತ್ತಿದ್ದರೆ ನೆಲದ ಒರಲೆ. ಮೂರರಲ್ಲಿ ನೆಲಕ್ಕೆ ಮದ್ದು ಬೇಕಾದದ್ದು ಇದೊಂದಕ್ಕೇ.

ಆಮೇಲೆ, ಒಳಗೆ ಜೀವ ಇದೆಯೇ ನೋಡಿ. ಇರುವ ತೂತುಗಳ ಸುತ್ತ ಪೆನ್ಸಿಲ್ ಗೆರೆ ಎಳೆದು, ಕೆಳಗೆ ಕಾಗದ ಹಾಸಿ, ಎರಡು ವಾರ ಕಾಯಿರಿ. ಅಟ್ಟದ ಮೇಲೆ ಯಾರಾದರೂ ಓಡಾಡಿದರೆ ಹಳೆಯ ತೂತಿನ ಪುಡಿಯೂ ಉದುರುತ್ತದೆ. ಗೆರೆಯಿಲ್ಲದ ತೂತು ಕಂಡರೆ ಮಾತ್ರ ನಂಬಿ. ಮಣ್ಣಿನ ದಾರಿಯನ್ನು ಗೇಣುದ್ದ ಒಡೆದು ಬಿಡಿ, ಕೆಲವೇ ದಿನದಲ್ಲಿ ಮತ್ತೆ ಕಟ್ಟಿದ್ದರೆ ಒರಲೆ ಒಳಗೇ ಇದೆ. ಸೀಮೆಎಣ್ಣೆ ಒರೆಸುವ ಅಡ್ಡದಾರಿ ಬೇಡ: ಆಳದಲ್ಲಿರುವ ಮರಿಗೆ ಅದು ತಲುಪುವುದಿಲ್ಲ, ವಾಸನೆ ಮನೆಯವರಿಗೆ. ಪ್ಲಗ್ಗಿಗೆ ಸಿಕ್ಕಿಸುವ, ಶಬ್ದದಿಂದ ಹುಳ ಓಡಿಸುತ್ತದೆನ್ನುವ ಯಂತ್ರಕ್ಕಂತೂ ಬಿಡಿಗಾಸೂ ಹಾಕಬೇಡಿ.

ಮೊದಲ ಮಳೆಗೆ ದೀಪ ಮುತ್ತುವ ರೆಕ್ಕೆಹುಳಗಳಲ್ಲಿ ನಾಲ್ಕೂ ರೆಕ್ಕೆ ಒಂದೇ ಉದ್ದ ಇದ್ದು ಸೊಂಟ ಕಾಣದಿದ್ದರೆ ಒರಲೆ, ಸೊಂಟ ಸಣ್ಣಗಿದ್ದರೆ ಇರುವೆ.

ತೋಟದಲ್ಲಿ ಕೆಲಸ ಸುಲಭ. ತೆಂಗಿನ ಗರಿ ಕತ್ತರಿಯಲ್ಲಿ ತ್ರಿಕೋನ ಕತ್ತರಿಸಿದಂತಿದ್ದರೆ ಕುರುವಾಯಿ ದುಂಬಿ. ಗೊಬ್ಬರಗುಂಡಿ ಮಗುಚಿ ಅದರ ಮರಿ ಹುಡುಕಿ. ಬಸಳೆ ಎಲೆ ತೂತಾಗಿ, ಬೆಳಿಗ್ಗೆ ಹೊಳೆಯುವ ಲೋಳೆಯ ಗೆರೆ ಕಂಡರೆ ಬಸವನಹುಳು. ರಾತ್ರಿ ಟಾರ್ಚು ಹಿಡಿದು ಹೆಕ್ಕಿ. ಮಳೆಗಾಲದಲ್ಲಿ ನೀರು ಹೀರಿದಂಥ ಕಲೆ ಎದ್ದು ಹಸಿ ಅಡಿಕೆ ಉದುರಿದರೆ ಅದು ಕೊಳೆರೋಗ, ಹುಳದ ಕೆಲಸವೇ ಅಲ್ಲ. ಅದಕ್ಕೆ ಮಳೆ ಹಿಡಿಯುವ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯಬೇಕು: 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕಿಲೋ.

ಇಷ್ಟಾದರೂ ಗೊತ್ತಾಗದಿದ್ದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಹುಳವನ್ನು ಚಪ್ಪಲಿಯಲ್ಲಿ ಜಜ್ಜಿ ಕಾಗದದಲ್ಲಿ ಸುತ್ತಿಕೊಂಡು ಹೋಗಬೇಡಿ. ಮುಚ್ಚಳವಿರುವ ಸಣ್ಣ ಬಾಟಲಿಯಲ್ಲಿ ಇಡಿಯಾಗಿ ಹಾಕಿ, ಜೊತೆಗೆ ಅದು ತಿಂದ ಎಲೆ ಅಥವಾ ಮರದ ತುಂಡನ್ನೂ ಒಯ್ಯಿರಿ.