ಮಳೆಗಾಲದಲ್ಲಿ ಮೊಹಮ್ಮದ್ ಅಲಿಯ ಪಂದ್ಯ ನೋಡುವ ಕ್ರಮ

ಜುಲೈ ಬಂತು ಅಂದರೆ ಮಡಿಕೇರಿ ಕಡೆ ನಾವೆಲ್ಲ ಮನೆಯೊಳಗೇ. ತೋಟಕ್ಕೆ ಇಳಿದರೆ ಜಿಗಣೆ, ಮೈದಾನದ ತುಂಬ ಕೆಸರು. ಬಾಕ್ಸರ್ ಮೊಹಮ್ಮದ್ ಅಲಿಯ ಹಳೆಯ ಪಂದ್ಯಗಳನ್ನು ನೋಡಲು ಇದೇ ಸರಿಯಾದ ಸಮಯ. ಆದರೆ ಪೂರ್ತಿ ಪಂದ್ಯ ನೋಡಬೇಕು. ಫೋನಿಗೆ ಬರುವ ಎರಡು ನಿಮಿಷದ ತುಣುಕುಗಳಲ್ಲಿ ಅಲಿ ಬರೀ ಹೊಡೆಯುತ್ತಾನೆ, ತಿಂದ ಏಟು ಕಾಣುವುದೇ ಇಲ್ಲ.

ಗಾಳಿಮಳೆ ಜೋರಾದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಅಲ್ವಾ? ಕುಶಾಲನಗರಕ್ಕೋ ಮೈಸೂರಿಗೋ ಹೋದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಚಾರ್ಜಿನ ಲೆಕ್ಕ ಸುಲಭ. ಆಗಿನ ದೊಡ್ಡ ಪಂದ್ಯಗಳಿಗೆ 15 ಸುತ್ತು, ಸುತ್ತಿಗೆ 3 ನಿಮಿಷ, ನಡುವೆ 1 ನಿಮಿಷ ವಿರಾಮ. ಕೊನೆತನಕ ಹೋದರೆ 59 ನಿಮಿಷ. ವಿರಾಮವನ್ನು ಓಡಿಸಬೇಡಿ. ಸ್ಟೂಲಿನ ಮೇಲೆ ಕೂತವನ ಎದೆ ಹೇಗೆ ಏರಿಳಿಯುತ್ತಿದೆ ಅನ್ನುವುದರಲ್ಲೇ ಮುಂದಿನ ಸುತ್ತು ಗೊತ್ತಾಗುತ್ತದೆ.

ಮೊದಲ ಸಲ ಸೌಂಡ್ ತೆಗೆದುಬಿಡಿ. ಕಾಮೆಂಟರಿ ಇದ್ದರೆ ನಮ್ಮ ಕಣ್ಣು ಸೋಮಾರಿಯಾಗುತ್ತದೆ. ಆಮೇಲೆ ಕೈ ಬಿಟ್ಟು ಕಾಲು ನೋಡಿ. ನಮ್ಮವರಿಗೆ ಇದನ್ನು ಜಾಸ್ತಿ ಹೇಳಬೇಕಿಲ್ಲ. ಹಾಕಿಯಲ್ಲಿ ಎದುರಾಳಿಯ ಸ್ಟಿಕ್ ನೋಡುತ್ತಾ ನಿಂತವನು ಮೋಸ ಹೋಗುತ್ತಾನೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯಲ್ಲಿ ಆಡುವ ಪರಿಯ ಕಳಿ ಅನ್ನುವ ಬೆತ್ತದ ಆಟದಲ್ಲಂತೂ ಏಟು ಬೀಳುವುದೇ ಮೊಣಕಾಲಿನ ಕೆಳಗೆ, ಅಲ್ಲಿ ಕಾಲು ಮರೆತವನ ಗತಿ ನಿಮಗೆ ಗೊತ್ತು.

ಶುರು ಮಾಡಬೇಕಾದ್ದು 1966ರ ನವೆಂಬರ್‌ನಲ್ಲಿ ಹೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಜೊತೆ ನಡೆದ ಪಂದ್ಯದಿಂದ. ಮೂರೇ ಸುತ್ತು. ವಿಲಿಯಮ್ಸ್ ಅದಕ್ಕೂ ಮುಂಚೆ ಪೊಲೀಸ್ ಗುಂಡು ತಿಂದು ಒಂದು ಕಿಡ್ನಿ ಕಳೆದುಕೊಂಡಿದ್ದ, ಹಾಗಾಗಿ ಗೆಲುವನ್ನು ಅಷ್ಟು ದೊಡ್ಡದು ಮಾಡಬೇಡಿ. 6 ಅಡಿ 3 ಇಂಚಿನ ಅಲಿ ಹಾಗೆ ಓಡಾಡುವುದನ್ನು ಮಾತ್ರ ನಿಧಾನ ಮಾಡಿಕೊಂಡು ನೋಡಿ. ಹೊಡೆದ ಮರುಕ್ಷಣ ಅಲ್ಲಿ ಇರುವುದೇ ಇಲ್ಲ.

ನಂತರ ಹಿಂದಕ್ಕೆ ಹೋಗಿ, 1964ರ ಫೆಬ್ರವರಿ 25, ಆಗಿನ ವಿಶ್ವ ಚಾಂಪಿಯನ್ ಸನ್ನಿ ಲಿಸ್ಟನ್ ಜೊತೆ. ಅಲಿಗೆ ಆಗ 22 ವರ್ಷ, ಹೆಸರು ಇನ್ನೂ ಕ್ಯಾಸಿಯಸ್ ಕ್ಲೇ. ಐದನೇ ಸುತ್ತನ್ನು ಎರಡು ಸಲ ನೋಡಿ. ಕಣ್ಣಿಗೆ ಏನೋ ಬಿದ್ದು ಉರಿಯುತ್ತಿದೆ, ಗ್ಲೌಸ್ ಕತ್ತರಿಸಿ ಅನ್ನುತ್ತಾನೆ. ತರಬೇತುದಾರ ಆ್ಯಂಜೆಲೊ ಡಂಡೀ ಕೇಳದೆ ರಿಂಗಿನೊಳಗೆ ತಳ್ಳುತ್ತಾರೆ. ಕಣ್ಣು ಸರಿಯಾಗಿ ಕಾಣದವನನ್ನು ಅವತ್ತು ಕಾಲೇ ಉಳಿಸಿದ್ದು. ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲಿನಿಂದ ಏಳಲೇ ಇಲ್ಲ.

ಈಗ ಒಂದು ದಿನ ಬಿಡುವು ಕೊಡಿ, ಯಾಕೆಂದರೆ ಅಲಿಯ ಬದುಕಿನಲ್ಲೂ ಇಲ್ಲೊಂದು ಖಾಲಿ ಜಾಗ ಇದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರ ಏಪ್ರಿಲ್‌ನಲ್ಲಿ, ಸರ್ಕಾರ ಕಡ್ಡಾಯವಾಗಿ ಕರೆದರೂ ಸೈನ್ಯಕ್ಕೆ ಸೇರಲ್ಲ ಅಂದ. ಚಾಂಪಿಯನ್ ಪಟ್ಟ ಹೋಯಿತು, ಬಾಕ್ಸಿಂಗ್ ಲೈಸೆನ್ಸ್ ಹೋಯಿತು, ಮೂರೂವರೆ ವರ್ಷ ಒಂದೂ ಪಂದ್ಯ ಇಲ್ಲ. ಮನೆಗೊಬ್ಬರು ಮಿಲಿಟರಿಯಲ್ಲಿ ಇರುವ ನಮ್ಮೂರಲ್ಲಿ ಈ ಮಾತು ಎತ್ತಿದರೆ ಊಟ ತಣ್ಣಗಾಗುವ ತನಕ ಜಗಳ. ನಮ್ಮ ಅಜ್ಜ ಸೈನ್ಯದಲ್ಲಿದ್ದವರು, ಅಲಿ ಮಾಡಿದ್ದು ತಪ್ಪು ಅಂತ ಕೊನೆವರೆಗೂ ಅಂದರು, ಆದರೆ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಸೈನ್ಯಕ್ಕೆ ಸೇರದ್ದಕ್ಕೆ ಆಗಿದ್ದ ಶಿಕ್ಷೆಯನ್ನು 1971ರ ಜೂನ್‌ನಲ್ಲಿ ರದ್ದು ಮಾಡಿತು.

ಅದೇ ವರ್ಷ ಮಾರ್ಚ್ 8ರ ಜೋ ಫ್ರೇಜರ್ ಪಂದ್ಯ ಹಾಕಿ. ಇದು ಸೋತ ಪಂದ್ಯ, ನನಗೆ ಎಲ್ಲಕ್ಕಿಂತ ಇಷ್ಟ. 1966ರ ಕಾಲುಗಳು ಇಲ್ಲಿಲ್ಲ. ಒಂದೊಂದು ಸುತ್ತಿನಲ್ಲಿ ಸುಮ್ನೆ ಹಗ್ಗಕ್ಕೆ ಒರಗಿ ಉಸಿರು ತೆಗೆದುಕೊಳ್ಳುತ್ತಾನೆ. 15ನೇ ಸುತ್ತಿನಲ್ಲಿ ಫ್ರೇಜರ್‌ನ ಎಡಗೈ ಹುಕ್‌ಗೆ, ಅಂದರೆ ಪಕ್ಕದಿಂದ ಬೀಸಿದ ಏಟಿಗೆ, ಅಂಗಾತ ಬೀಳುತ್ತಾನೆ. ಎದ್ದ ಮೇಲೆ ಅವನ ದವಡೆ ನೋಡಿ, ಊದಿಕೊಂಡಿರುತ್ತದೆ.

1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಜೊತೆ ನಡೆದದ್ದು ಎಲ್ಲರಿಗೂ ಗೊತ್ತಿರುವ ಪಂದ್ಯ. ಫೋರ್‌ಮನ್ ಅಲ್ಲಿಗೆ ಬರುವಾಗ 40 ಪಂದ್ಯದಲ್ಲಿ 40 ಗೆದ್ದಿದ್ದ. ಫ್ರೇಜರ್ ಪಂದ್ಯ ಮೊದಲು ನೋಡಿದ್ದರೆ ಮಾತ್ರ ಇಲ್ಲಿ ನಡೆಯುವುದು ಅರ್ಥವಾಗುತ್ತದೆ. ಓಡಲು ಆಗದ ಅಲಿ ಹಗ್ಗಕ್ಕೆ ಒರಗುವುದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದಾನೆ. ಫೋರ್‌ಮನ್ ಹೊಡೆದೂ ಹೊಡೆದೂ ಸುಸ್ತಾಗಿ ಎಂಟನೇ ಸುತ್ತಿನಲ್ಲಿ ಬೀಳುತ್ತಾನೆ. 1975ರಲ್ಲಿ ಮನಿಲಾದಲ್ಲಿ ಮತ್ತೆ ಫ್ರೇಜರ್ ಜೊತೆ ನಡೆದ ಪಂದ್ಯವನ್ನು ಹೊಟ್ಟೆ ತುಂಬಾ ಉಂಡು ನೋಡಬೇಡಿ, ಇಷ್ಟೇ ಹೇಳುತ್ತೇನೆ.

ಕೊನೆಯದು 1980ರ ಅಕ್ಟೋಬರ್, ಲ್ಯಾರಿ ಹೋಮ್ಸ್. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ನೀವು ಬಿಡಬೇಡಿ. ಅಲಿಗೆ 38, ಮೈ ಸಣ್ಣಗಾಗಿದೆ, ಕೈ ಮಾತ್ರ ಮುಂದೆ ಹೋಗುತ್ತಿಲ್ಲ. ಹತ್ತು ಸುತ್ತಾದ ಮೇಲೆ ಡಂಡೀ ನಿಲ್ಲಿಸಿಬಿಡುತ್ತಾರೆ. ನಾಲ್ಕು ವರ್ಷದಲ್ಲಿ ಅಲಿಗೆ ಪಾರ್ಕಿನ್ಸನ್ ಅನ್ನುವ ನಡುಕದ ನರರೋಗ ಅಂತ ಗೊತ್ತಾಯಿತು. ನಮ್ಮ ಅಜ್ಜ ಈ ಪಂದ್ಯದ ನಡುವೆಯೇ ಎದ್ದು ಹೋಗಿ ಬೆಲ್ಲದ ಕಾಫಿ ಕಾಯಿಸಿದರು, ಮತ್ತೆ ಬಂದು ಕೂರಲಿಲ್ಲ.

ಅದು ಮುಗಿದ ರಾತ್ರಿಯೇ, ಚಾರ್ಜ್ ಉಳಿದಿದ್ದರೆ, ವಿಲಿಯಮ್ಸ್ ಪಂದ್ಯದ ಮೊದಲ ಸುತ್ತು ಇನ್ನೊಮ್ಮೆ ಹಾಕಿ. ಈ ಸಲ ಸೌಂಡ್ ಇರಲಿ.